ಕಿಸೆಯಲ್ಲಿದ್ದ ಮೂರು ಸಾವಿರ

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಬಾಗಲಕೋಟೆ ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವವರ ಸಾಲು ಶುರು. ನಮ್ಮವರ ಲೆಕ್ಕದಲ್ಲಿ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ ಒಯ್ಯಬೇಕಲ್ವಾ?

ಆ ವರ್ಷ ನಾನೂ ಹೊರಟೆ. ಮೊಣಕಾಲಿಗೆ ಪಟ್ಟಿ, ಪವರ್ ಬ್ಯಾಂಕ್, ಗ್ಲೂಕೋಸ್ ಪುಡಿ, ಆರು ಪಾಕೀಟು ಬಿಸ್ಕೀಟು, ಒಳಕಿಸೆಯಲ್ಲಿ ಮೂರು ಸಾವಿರ ರೂಪಾಯಿ. ನಮ್ಮ ಓಣಿಯ ದೊಡ್ಡವ್ವನ ಚೀಲದಲ್ಲಿ ಒಂದು ತಾಟು, ಒಂದು ಲೋಟ, ಒಂದು ಕೌದಿ, ಇಬತ್ತಿ ಗಟ್ಟಿ. ರೊಕ್ಕ ಎಲ್ಲಿ ಅಂತ ಕೇಳಿದೆ. ‘ಮಲ್ಲಯ್ಯನ ಮನಿಗೆ ಹೊಂಟೀವಿ, ಅಂವ ನೋಡ್ಕೋತಾನ’ ಅಂದರು. ಕೊನೆಗೆ ನನ್ನ ಬಿಸ್ಕೀಟೇ ಗತಿ ಅಂತ ಒಳಗೊಳಗೇ ಅಂದುಕೊಂಡೆ.

ಎರಡನೇ ದಿನ ಅಮೀನಗಡದಲ್ಲಿ ಬೆಳಿಗ್ಗೆ ಉಪ್ಪಿಟ್ಟು ಕೊಟ್ಟರು. ಅಲ್ಲೇ ಒಬ್ಬ ಅಜ್ಜ ನನ್ನ ಕಾಲಿನ ಗುಳ್ಳೆ ನೋಡಿ ಕೂಡಿಸಿಕೊಂಡ. ಸೂಜಿಗೆ ದಾರ ಪೋಣಿಸಿ, ಗುಳ್ಳೆಯ ಈ ಕಡೆಯಿಂದ ಚುಚ್ಚಿ ಆ ಕಡೆ ತೆಗೆದ. ದಾರವನ್ನು ಒಳಗೇ ಬಿಟ್ಟು ತುದಿ ಕತ್ತರಿಸಿದ. ನೀರೆಲ್ಲ ದಾರ ಹಿಡಿದು ಇಳಿಯಿತು. ಆಮೇಲೆ ಎಣ್ಣೆ ಹಚ್ಚಿ ತಿಕ್ಕಲು ಕೂತ. ಅಪ್ಪನಿಗಿಂತ ದೊಡ್ಡ ವಯಸ್ಸು! ಕಾಲು ಹಿಂದಕ್ಕೆ ಎಳೆದುಕೊಂಡೆ. ದೊಡ್ಡವ್ವ ಗದರಿದರು: ‘ಎಲ್ಲಾರೂ ಬ್ಯಾಡಂದ್ರ ಅಂವ ಯಾರ ಕಾಲು ತಿಕ್ಕಬೇಕೋ ತಮ್ಮಾ?’

ಕೊಡುವುದು ಸುಲಭ. ತಗೊಳ್ಳೋದು ನನಗೆ ಬಲು ಕಷ್ಟವಾಯಿತು.

ಹುನಗುಂದ ದಾಟಿದ ಮೇಲೆ ಊಟ ಸಿಗುತ್ತದೆ ಅಂದಿದ್ದರು. ಸಿಗಲಿಲ್ಲ. ಪೆಂಡಾಲ್ ಇತ್ತು, ಪಾತ್ರೆ ಖಾಲಿ. ನಾವು ತಡ ಮಾಡಿದ್ದೆವು, ಗುಳ್ಳೆಯ ದೆಸೆಯಿಂದ. ಡಾಂಬರು ಕಾದ ಹಂಚಿನಂತಾಗಿತ್ತು. ಮೂರು ಸಾವಿರ ಇದೆ, ಕೊಳ್ಳಲು ಒಂದು ಅಂಗಡಿಯಿಲ್ಲ. ಬಿಸ್ಕೀಟು ಹಿಂದಿನ ದಿನವೇ ಮುಗಿಸಿದ್ದೆ, ಅದೂ ಯಾರೂ ನೋಡದಾಗ. ದೊಡ್ಡವ್ವ ಬೇವಿನ ಮರದಡಿ ಕೂತು ಸುಮ್ನೆ ತುಟಿ ಆಡಿಸುತ್ತಿದ್ದರು.

ಸುಮಾರು ಹೊತ್ತಿನ ಮೇಲೆ ಬೈಕಿನಲ್ಲಿ ಒಬ್ಬ ಹುಡುಗ ಕ್ಯಾನ್ ಕಟ್ಟಿಕೊಂಡು ಬಂದ. ರೊಟ್ಟಿ ಅಲ್ಲ, ಬರೀ ಮಜ್ಜಿಗೆ. ಉಪ್ಪೂ ಕಡಿಮೆ. ದೊಡ್ಡವ್ವ ಲೋಟ ಹಣೆಗೆ ಒತ್ತಿಕೊಂಡು ಕುಡಿದರು. ‘ಈ ಹೊತ್ತಿಂದು ಇಷ್ಟ’ ಅಂದು ಎದ್ದರು. ಇನ್ನೂ ಬೇಕಿತ್ತು ಅನ್ನುವ ಭಾವ ಆ ಮುಖದಲ್ಲಿ ಹುಡುಕಿದೆ, ಸಿಗಲಿಲ್ಲ.

ಆಗ ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿ ನೆನಪಾದರು. ಅವರ ಬಿಳಿ ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಕೊಟ್ಟಾಗಲೂ ವಿನಯದಿಂದಲೇ ಒಲ್ಲೆ ಅಂದವರು. ಅವರ ಪ್ರವಚನಕ್ಕೆ ಎಷ್ಟೋ ಸಲ ಹೋಗಿ ತಲೆಯಾಡಿಸಿ ಬಂದಿದ್ದೇನೆ. ನನ್ನ ಅಂಗಿಗೆ ಮಾತ್ರ ಒಳಗೊಂದು, ಹೊರಗೊಂದು ಕಿಸೆ!

ರಾತ್ರಿ ಇಳಕಲ್ ಹತ್ತಿರ ಒಂದು ಮನೆಯ ಅಂಗಳದಲ್ಲಿ ಬಿಸಿ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ಬಡಿಸಿದರು. ಹೊಟ್ಟೆ ತುಂಬ ಉಂಡೆ. ಆದರೂ ಮಧ್ಯಾಹ್ನದ ಹೆದರಿಕೆ ಹೋಗಿರಲಿಲ್ಲ. ಎರಡು ರೊಟ್ಟಿ ಮಡಚಿ ಮೆಲ್ಲಗೆ ಬ್ಯಾಗಿಗೆ ಇಳಿಸಿದೆ. ದೊಡ್ಡವ್ವ ನೋಡಿಬಿಟ್ಟರು.

‘ಚಲೋ ಮಾಡಿದಿ ತಮ್ಮಾ. ನಾಳೆ ದಾರ್ಯಾಗ ಯಾರರೆ ಹಸದವರು ಸಿಗ್ತಾರ.’

ಹೂಂ ಅಂದೆ. ಬ್ಯಾಗಿನ ಜಿಪ್ ಹಾಕದೆ ಹಾಗೇ ಬಿಟ್ಟೆ.