ಹಾಡಿನ ದುಡ್ಡು ಹಾಡು ಬರೆದವರ ಮನೆಗೆ ಹೋಗ್ಬೇಕು

ಮದುವೆ ಸೀಸನ್ ಶುರುವಾದ್ರೆ ಸಾಕು, ವಾಟ್ಸಾಪಲ್ಲಿ ಎರಡು ಥರದ ಮೆಸೇಜು ಓಡಾಡೋಕೆ ಶುರುವಾಗುತ್ತೆ. ಒಂದು, ಇನ್ಮೇಲೆ ಮದುವೇಲಿ ಸಿನಿಮಾ ಹಾಡು ಹಾಕಿದ್ರೆ ಜೈಲು ಅಂತ. ಇನ್ನೊಂದು, ಕೇಂದ್ರ ಸರ್ಕಾರಾನೇ ಹೇಳಿಬಿಟ್ಟಿದೆ, ಯಾರೂ ಯಾರಿಗೂ ಒಂದು ಪೈಸೆ ಕೊಡ್ಬೇಕಾಗಿಲ್ಲ ಅಂತ. ಎರಡೂ ಅರ್ಧರ್ಧ ಸರಿ. ನಾನು ವಾರದ ದಿನ ಬೇರೆ ಕೆಲಸ ಮಾಡ್ಕೊಂಡು ಶನಿವಾರ ಭಾನುವಾರ ಮೈಸೂರು ಕಡೆ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸ್ತೀನಿ, ಹಾಗಾಗಿ ಈ ಪ್ರಶ್ನೆ ನಮ್ಮ ತಲೆ ಮೇಲೆ ಬಂದು ಕೂತು ಬಹಳ ದಿನ ಆಯ್ತು. ಗಣೇಶನ ಹಬ್ಬ, ರಾಜ್ಯೋತ್ಸವ, ರಿಸೆಪ್ಷನ್ನು, ಬೀಳ್ಕೊಡುಗೆ, ಕಂಪನಿ ಫ್ಯಾಮಿಲಿ ಡೇ, ಎಲ್ಲಾ ಕಡೆ ನಮ್ದು ಅದೇ ಹಾಡು ಅದೇ ಸ್ಟೇಜು, ಆದ್ರೆ ಕಾನೂನಿನ ಕಣ್ಣಲ್ಲಿ ಒಂದೊಂದು ಪ್ರೋಗ್ರಾಮೂ ಬೇರೆ ಬೇರೆ.

ಈ ಸಲ ಕೂತು ಓದೋಕೆ ಕಾರಣ ನಮಗೆ ಪದೇ ಪದೇ ಪ್ರೋಗ್ರಾಂ ಕೊಡೋ ಒಬ್ಬ ಪಾರ್ಟಿ ಹಾಲ್ ಓನರ್ರು. ಅವ್ರಿಗೆ ಒಂದು ಕಂಪನಿಯಿಂದ ಲಾಯರ್ ನೋಟಿಸ್ ಬಂತು, ನಿಮ್ಮ ಹಾಲಲ್ಲಿ ನಮ್ಮ ಹಾಡು ಹಾಕಿದ್ದೀರ ಲೈಸೆನ್ಸ್ ತಗೊಂಡಿಲ್ಲ ಅಂತ. ಯಾವ ಹಾಡು ಯಾವ ದಿನ ಏನೂ ಇಲ್ಲ, ಬರೀ ಅಮೌಂಟು. ಅವ್ರು ನನಗೆ ಫೋನ್ ಮಾಡಿ ಕೇಳಿದ್ದು ಇಷ್ಟೇ, "ಸರ್, ನಾನು ಹೋದ ವರ್ಷಾನೇ ಒಂದು ಕಡೆ ಕಟ್ಟಿದ್ದೀನಲ್ಲ, ಇವ್ರ್ಯಾರು ಮತ್ತೆ?"

ಉತ್ತರ ಹೇಳ್ಬೇಕು ಅಂದ್ರೆ ಒಂದು ಹಾಡು ಕಾನೂನಿನ ಪ್ರಕಾರ ಒಂದು ವಸ್ತು ಅಲ್ಲ ಅನ್ನೋದ್ರಿಂದ ಶುರು ಮಾಡ್ಬೇಕು. ಸಾಹಿತ್ಯ ಬರೆದವರ ಹಕ್ಕು ಒಂದು, ರಾಗ ಹಾಕಿದವರದ್ದು ಒಂದು, ಸ್ಟುಡಿಯೋದಲ್ಲಿ ರೆಕಾರ್ಡ್ ಆಯ್ತಲ್ಲ ಆ ಧ್ವನಿಮುದ್ರಣದ್ದು ಇನ್ನೊಂದು, ಅದು ಸಾಮಾನ್ಯವಾಗಿ ಆಡಿಯೋ ಕಂಪನಿ ಕೈಲಿರುತ್ತೆ. ಇದರ ಜೊತೆಗೆ ಹಾಡಿದವರಿಗೂ 2012ರ ತಿದ್ದುಪಡಿ ಆದ್ಮೇಲೆ ರಾಯಲ್ಟಿ ಕೇಳೋ ಹಕ್ಕು ಬಂದಿದೆ, ಅವ್ರಿಗೇ ಅಂತ ಇಸ್ರಾ ಅನ್ನೋ ಸಂಸ್ಥೆ 2013ರಲ್ಲಿ ರಿಜಿಸ್ಟರ್ ಆಯ್ತು. ಸಾಹಿತ್ಯ ಮತ್ತು ಸಂಗೀತದ ಪರವಾಗಿ ಹಣ ವಸೂಲಿ ಮಾಡೋದು ಐಪಿಆರ್‌ಎಸ್, 1969ರಿಂದ ಇದೆ. ಧ್ವನಿಮುದ್ರಣದ ಪರವಾಗಿ ಪಿಪಿಎಲ್ ಅನ್ನೋದು 1941ರಿಂದ ಇದೆ, ಜೊತೆಗೆ ನೋವೆಕ್ಸ್ ಅಂತ ಒಂದಿದೆ, 2021ರಲ್ಲಿ ಕೇಂದ್ರ ಸರ್ಕಾರದ ಹತ್ರ ರಿಜಿಸ್ಟರ್ ಆದ ಆರ್‌ಎಂಪಿಎಲ್ ಅಂತ ಮತ್ತೊಂದಿದೆ. ಅಂದ್ರೆ ಹಾಲ್ ಓನರ್ರು ಹೋದ ವರ್ಷ ಕಟ್ಟಿದ್ದು ಒಂದು ಹಕ್ಕಿಗೆ, ಈಗ ಕೇಳ್ತಿರೋದು ಇನ್ನೊಂದಕ್ಕೆ ಇರ್ಬಹುದು. ಒಂದೇ ಹಕ್ಕನ್ನ ಇಬ್ಬರು ಕೇಳ್ತಿರೋ ಸಾಧ್ಯತೇನೂ ಇದೆ, ಯಾಕಂದ್ರೆ ಎಲ್ಲಾ ಲೇಬಲ್ಲುಗಳ ಹಾಡು ಒಂದೇ ಕಡೆ ಇಲ್ಲ.

ನಮ್ಮಂಥ ಆರ್ಕೆಸ್ಟ್ರಾದವರಿಗೆ ಇದ್ರಲ್ಲಿ ಒಂದು ಮುಖ್ಯ ವಿಷಯ ಇದೆ. ನಾವು ಲೈವ್ ಆಗಿ ನುಡಿಸಿ ಹಾಡ್ದಾಗ ಒರಿಜಿನಲ್ ರೆಕಾರ್ಡಿಂಗ್ ಬಳಸ್ತಾನೇ ಇಲ್ಲ, ಸಾಹಿತ್ಯ ಮತ್ತು ರಾಗ ಮಾತ್ರ ಬಳಸ್ತೀವಿ, ಹಾಗಾಗಿ ಧ್ವನಿಮುದ್ರಣದ ಲೈಸೆನ್ಸ್ ಕೇಳ್ಕೊಂಡು ಯಾರಾದ್ರೂ ಬಂದ್ರೆ ಆಯೋಜಕರು ಇದನ್ನ ಧೈರ್ಯವಾಗಿ ಹೇಳ್ಬಹುದು. ಅದೇ ಸ್ಟೇಜಲ್ಲಿ ನಮ್ಮ ಬ್ರೇಕ್ ಟೈಮಲ್ಲಿ ಸೌಂಡ್ ಅವ್ರು ಪೆನ್‌ಡ್ರೈವಿಂದ ಎಂಪಿತ್ರೀ ಹಾಕಿದ್ರೆ ಆಗ ರೆಕಾರ್ಡಿಂಗಿನ ಹಕ್ಕೂ ಬಂತು. ಮಿನಸ್ ಟ್ರ್ಯಾಕ್, ಅಂದ್ರೆ ಗಾಯಕರ ದನಿ ಇಲ್ಲದ ಬರೀ ವಾದ್ಯದ ರೆಕಾರ್ಡಿಂಗ್, ಹಾಕ್ಕೊಂಡು ಹಾಡೋರು ಇದಾರಲ್ಲ, ಆ ಟ್ರ್ಯಾಕನ್ನೂ ಯಾರೋ ಕೂತು ಮಾಡಿರ್ತಾರೆ, ಅದು ಆಕಾಶದಿಂದ ಬಿದ್ದಿದ್ದಲ್ಲ. ಇನ್ನು ಹೋಟೆಲ್ಲು, ಸಲೂನು, ಜಿಮ್ಮಲ್ಲಿ ಸ್ಪಾಟಿಫೈ ಪ್ರೀಮಿಯಂ ಇದೆ ದುಡ್ಡು ಕೊಟ್ಟೇ ಹಾಕ್ತಿದ್ದೀನಿ ಅನ್ನೋರು ಅದರ ಷರತ್ತು ಒಂದ್ಸಲ ಓದಿ ನೋಡಿ, ಅದು ಸ್ವಂತ ಕೇಳೋಕೆ ಮಾತ್ರ, ವ್ಯಾಪಾರದ ಜಾಗದಲ್ಲಿ ಹಾಕೋಕಲ್ಲ ಅಂತ ಸ್ಪಷ್ಟವಾಗಿ ಇದೆ.

ಈಗ ಮದುವೆ ವಿಷಯ. ಕಾಪಿರೈಟ್ ಕಾಯ್ದೆ 1957ರದ್ದು, ಅದರ 52ನೇ ಸೆಕ್ಷನ್ನಲ್ಲಿ ಯಾವ್ಯಾವ್ದಕ್ಕೆ ಲೈಸೆನ್ಸ್ ಬೇಡ ಅಂತ ಉದ್ದ ಪಟ್ಟಿ ಇದೆ. ಅದ್ರಲ್ಲಿ ನಿಜವಾದ ಧಾರ್ಮಿಕ ಸಮಾರಂಭ, ಕೇಂದ್ರ ರಾಜ್ಯ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸೋ ಅಧಿಕೃತ ಸಮಾರಂಭ ಇವೆರಡಕ್ಕೂ ವಿನಾಯಿತಿ ಅಂತ ಹೇಳಿ, ಧಾರ್ಮಿಕ ಸಮಾರಂಭ ಅಂದ್ರೆ ಮದುವೆ ಮೆರವಣಿಗೆ ಮತ್ತೆ ಮದುವೆಗೆ ಸಂಬಂಧಿಸಿದ ಬೇರೆ ಸಾಮಾಜಿಕ ಸಂಭ್ರಮಾನೂ ಸೇರುತ್ತೆ ಅಂತ ವಿವರಣೆ ಕೊಟ್ಟಿದ್ದಾರೆ. 2023ರ ಜುಲೈ 24ಕ್ಕೆ ಕೇಂದ್ರದಲ್ಲಿ ಕಾಪಿರೈಟ್ ವಿಷಯ ನೋಡ್ಕೊಳ್ಳೋ ಡಿಪಿಐಐಟಿ ಇಲಾಖೆ ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿ ಮದುವೆಗೆ ರಾಯಲ್ಟಿ ವಸೂಲಿ ಮಾಡೋದು ಈ ಸೆಕ್ಷನ್ನಿಗೆ ವಿರುದ್ಧ ಅಂತು. ವಾಟ್ಸಾಪಲ್ಲಿ ಓಡಾಡ್ತಿರೋದು ಇದೇ. ಆದ್ರೆ ಕಥೆ ಅಲ್ಲಿಗೆ ಮುಗಿಯಲಿಲ್ಲ, ಗೋವಾ ಸರ್ಕಾರ ಅದನ್ನ ಹಿಡ್ಕೊಂಡು 2024ರ ಜನವರೀಲಿ ತಾನೂ ಒಂದು ಸುತ್ತೋಲೆ ಹೊರಡಿಸ್ತು, ಪಿಪಿಎಲ್ ಕೋರ್ಟಿಗೆ ಹೋಯ್ತು, ಅದೇ ವರ್ಷ ಆಗಸ್ಟಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ಆ ಸುತ್ತೋಲೇನ ರದ್ದು ಮಾಡ್ತು. ಕಾಯ್ದೆಯಲ್ಲಿ ಇರೋ ವಿನಾಯಿತಿ ಹಾಗೇ ಇದೆ, ಅದನ್ನ ಸುತ್ತೋಲೆ ಮೂಲಕ ಹಿಗ್ಗಿಸೋ ಅಧಿಕಾರ ಸರ್ಕಾರಕ್ಕಿಲ್ಲ ಅನ್ನೋದು ಅದರ ಸಾರ.

ಹಾಗಾಗಿ ಛತ್ರದಲ್ಲಿ ಧಾರೆ, ಹಿಂದಿನ ದಿನದ ರಿಸೆಪ್ಷನ್ನು, ಮೆರವಣಿಗೆ ಇವೆಲ್ಲಾ ನನಗೆ ಗೊತ್ತಿರೋ ಮಟ್ಟಿಗೆ ವಿನಾಯಿತಿ ಒಳಗೇ ಬರುತ್ತೆ, ಮನೆ ಮಂದಿ ಹೆದರ್ಕೋಬೇಕಾಗಿಲ್ಲ. ಆದ್ರೆ ಅದೇ ಛತ್ರದಲ್ಲಿ ಮಾರನೇ ವಾರ ಬರ್ತ್‌ಡೇ, ಕಂಪನಿ ಪಾರ್ಟಿ, ಟಿಕೆಟ್ ಇಟ್ಟಿರೋ ನ್ಯೂ ಇಯರ್ ಪ್ರೋಗ್ರಾಂ ನಡೆದ್ರೆ ಮದುವೆ ಹೆಸರು ಹೇಳ್ಕೊಂಡು ತಪ್ಪಿಸ್ಕೊಳ್ಳೋಕಾಗಲ್ಲ. ಬೀದಿ ಗಣೇಶೋತ್ಸವ ಧಾರ್ಮಿಕ ಅಂತ ವಾದ ಮಾಡ್ಬಹುದು. ರಾಜ್ಯೋತ್ಸವ ಸ್ವಲ್ಪ ಕಷ್ಟ. ನವೆಂಬರ್ ಒಂದಕ್ಕೆ ಜಿಲ್ಲಾಡಳಿತ ಸ್ಟೇಡಿಯಮ್ಮಲ್ಲಿ ಮಾಡೋದು ಅಧಿಕೃತ ಸಮಾರಂಭ, ಅದು ಸರಿ, ಆದ್ರೆ ನಮ್ಮ ಸೀಸನ್ ಇರೋದೇ ತಿಂಗಳು ಪೂರ್ತಿ ಆಟೋ ಸ್ಟ್ಯಾಂಡಿನವರು, ಬಡಾವಣೆ ಕನ್ನಡ ಸಂಘದವರು ಚಂದಾ ಎತ್ತಿ ಮಾಡೋ ಕಾರ್ಯಕ್ರಮದಲ್ಲಿ. ಲಾಭಕ್ಕಲ್ಲದ ಕ್ಲಬ್ಬು ಸಂಘ ತನ್ನ ಚಟುವಟಿಕೆ ಭಾಗವಾಗಿ ರೆಕಾರ್ಡಿಂಗ್ ಕೇಳಿಸಿದ್ರೆ ವಿನಾಯಿತಿ ಇದೆ, ಹವ್ಯಾಸಿ ತಂಡ ಟಿಕೆಟ್ ಇಲ್ಲದ ಸಭಿಕರ ಮುಂದೆ ಹಾಡಿದ್ರೂ ಇದೆ, ಆದ್ರೆ ನಾವು ಅಡ್ವಾನ್ಸ್ ತಗೊಂಡು ಬರೋ ಆರ್ಕೆಸ್ಟ್ರಾ, ನಮ್ಮನ್ನ ಹವ್ಯಾಸಿ ಅನ್ನೋಕಾಗುತ್ತಾ? ನನ್ನ ಪ್ರಕಾರ ಆಗಲ್ಲ. ನಾನು, ಗಾಯಕರು, ಡ್ರಮ್ಮರ್, ಸೌಂಡು, ಲೈಟು, ಶಾಮಿಯಾನ, ಕುರ್ಚಿ ಎಲ್ಲರಿಗೂ ಆ ಸಂಘದವರು ದುಡ್ಡು ಕೊಡ್ತಾರೆ, ಜನ ಸೇರೋಕೆ ಕಾರಣವಾದ ಹಾಡನ್ನ ಮಾಡಿದವರಿಗೆ ಮಾತ್ರ ಯಾಕೆ ಕೊಡ್ಬಾರ್ದು?

ಕೊಡಕ್ಕೆ ಮನಸ್ಸಿದ್ರೂ ಯಾರಿಗೆ ಅನ್ನೋದು ಕೋರ್ಟುಗಳಿಗೇ ಇತ್ಯರ್ಥ ಆಗಿಲ್ಲ, ಇದು ನನಗೆ ಬಹಳ ಸಿಟ್ಟು ತರಿಸೋ ವಿಷಯ. ರಿಜಿಸ್ಟರ್ ಆದ ಕಾಪಿರೈಟ್ ಸೊಸೈಟಿ, ಅಂದ್ರೆ ಹಕ್ಕುದಾರರ ಪರವಾಗಿ ಹಣ ವಸೂಲಿ ಮಾಡಿ ಹಂಚೋಕೆ ಕೇಂದ್ರ ಸರ್ಕಾರದ ಹತ್ರ ನೋಂದಾಯಿಸ್ಕೊಂಡ ಸಂಸ್ಥೆ, ಅದನ್ನ ಬಿಟ್ಟು ಬೇರೆಯವರು ಲೈಸೆನ್ಸ್ ಕೊಡೋ ವ್ಯವಹಾರ ಮಾಡೋ ಹಾಗಿಲ್ಲ ಅಂತ 2021ರ ಡಿಸೆಂಬರಲ್ಲಿ ಮದ್ರಾಸ್ ಹೈಕೋರ್ಟು ಹೇಳ್ತು. 2024ರ ಜನವರೀಲಿ ಬಾಂಬೆ ಹೈಕೋರ್ಟು ಅದಕ್ಕೆ ಉಲ್ಟಾ, ಹಕ್ಕು ಬರೆಸ್ಕೊಂಡ ಮಾಲೀಕರು ಸೊಸೈಟಿ ಅಲ್ದಿದ್ರೂ ಲೈಸೆನ್ಸ್ ಕೊಡ್ಬಹುದು ಅಂತು. 2025ರ ಏಪ್ರಿಲಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ, ಸೊಸೈಟಿ ಆಗಿ ರಿಜಿಸ್ಟರ್ ಆಗಿಲ್ಲದ ಪಿಪಿಎಲ್ ತಾನಾಗೇ ಲೈಸೆನ್ಸ್ ಕೊಡೋ ಹಾಗಿಲ್ಲ ಅಂತ ಹೇಳಿ, ಆ ಕೇಸಿನ ರೆಸ್ಟೋರೆಂಟಿನವರು ಆರ್‌ಎಂಪಿಎಲ್ ದರದ ಪ್ರಕಾರ ಕಟ್ಟಲಿ ಅಂದ್ರೆ, ಅದೇ ತಿಂಗಳು ಸುಪ್ರೀಂ ಕೋರ್ಟು ಕಟ್ಟೋ ಆ ನಿರ್ದೇಶನಕ್ಕೆ ತಡೆ ಕೊಟ್ಟುಬಿಡ್ತು. ಮೈಸೂರಲ್ಲಿ ಹಾಲ್ ಇಟ್ಕೊಂಡಿರೋರು ಇದನ್ನೆಲ್ಲಾ ಓದಿ ಏನು ಅರ್ಥ ಮಾಡ್ಕೋಬೇಕು? ಇತ್ತ ಕಾಪಿರೈಟ್ ಉಲ್ಲಂಘನೆಗೆ ಮೂರು ವರ್ಷದವರೆಗೆ ಶಿಕ್ಷೆ ಇದೆ, ಪೊಲೀಸರು ನೇರವಾಗಿ ಕೇಸ್ ಹಾಕ್ಬಹುದಾದ ಜಾಮೀನುರಹಿತ ಅಪರಾಧ ಅಂತ ಸುಪ್ರೀಂ ಕೋರ್ಟೇ 2022ರಲ್ಲಿ ಹೇಳಿದೆ, ಆ ಭಯಕ್ಕೇ ಬಹಳ ಜನ ನೋಟಿಸ್ ಬಂದ ತಕ್ಷಣ ಕೇಳಿದಷ್ಟು ಕಟ್ಟಿಬಿಡ್ತಾರೆ.

ನಾನು ಆ ಓನರ್ರಿಗೆ ಹೇಳಿದ್ದು, ಕಟ್ಟಲ್ಲ ಅಂತ ಕೂರ್ಬೇಡಿ ಸರ್, ಆದ್ರೆ ಕೇಳೋದನ್ನ ಕೇಳಿ ಕಟ್ಟಿ ಅಂತ. ಸಾಹಿತ್ಯ ಸಂಗೀತದ ಹಕ್ಕೋ ರೆಕಾರ್ಡಿಂಗಿನ ಹಕ್ಕೋ, ಯಾವ್ಯಾವ ಲೇಬಲ್ಲಿನ ಹಾಡು ನಿಮ್ಮ ಹತ್ರ ಇದೆ, ಅದನ್ನ ನಿಮಗೆ ಬರ್ಕೊಟ್ಟಿರೋ ಕಾಗದ ಎಲ್ಲಿ, ದರ ಪಟ್ಟಿ ಎಲ್ಲಿ ಪ್ರಕಟ ಆಗಿದೆ ಅಂತ ಲಿಖಿತವಾಗಿ ಕೇಳಿ. ರಿಜಿಸ್ಟರ್ ಆದ ಸೊಸೈಟಿಗಳ ಹೆಸರು ಕಾಪಿರೈಟ್ ಆಫೀಸಿನ ವೆಬ್‌ಸೈಟಲ್ಲೇ ಇದೆ, ಸೊಸೈಟಿಗಳು ದರ ಪ್ರಕಟ ಮಾಡ್ಲೇಬೇಕು ಅಂತ ಕಾಯ್ದೇನೇ ಹೇಳುತ್ತೆ.

ಇಷ್ಟೆಲ್ಲಾ ಬರೆದೆ, ಆದ್ರೆ ನನ್ನ ಮನಸ್ಸಲ್ಲಿ ಕೊರೀತಿರೋದು ಈ ಗಲಾಟೆ ಅಲ್ಲ. ಕಟ್ಟಿದ ದುಡ್ಡು ಕನ್ನಡದಲ್ಲಿ ಹಾಡು ಬರೆದವರಿಗೆ ತಲುಪ್ತಾ ಇದೆಯಾ ಅನ್ನೋದು.

ಇದಕ್ಕೆ ಒಂದು ಹಿನ್ನೆಲೆ ಇದೆ. 1977ರಲ್ಲಿ ಐಪಿಆರ್‌ಎಸ್ ಕೇಸಲ್ಲಿ ಸುಪ್ರೀಂ ಕೋರ್ಟು, ನಿರ್ಮಾಪಕರು ದುಡ್ಡು ಕೊಟ್ಟು ಹಾಡು ಮಾಡಿಸ್ಕೊಂಡ್ರೆ, ಬೇರೆ ಒಪ್ಪಂದ ಇಲ್ದಿದ್ರೆ, ಸಿನಿಮಾ ಹಾಡಿನ ಮೊದಲ ಮಾಲೀಕರು ಅವ್ರೇ ಅಂತ ತೀರ್ಪು ಕೊಡ್ತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮಾತ್ರ ಪ್ರತ್ಯೇಕವಾಗಿ ಬರೆದು ಕಲಾವಿದರ ಕಷ್ಟದ ಕಡೆ ಸಂಸತ್ತಿನ ಗಮನ ಸೆಳೆದ್ರು. ಸಂಸತ್ತು ಅದನ್ನ ಸರಿ ಮಾಡೋಕೆ 2012ರ ತನಕ ತಗೊಳ್ತು. ಅಷ್ಟರಲ್ಲಿ ಕ್ಯಾಸೆಟ್ ಯುಗ ಬಂದು ಹೋಗೇ ಬಿಡ್ತು. 2012ರ ತಿದ್ದುಪಡಿಯಲ್ಲಿ ಬಂದ ನಿಯಮ ಏನಂದ್ರೆ ಸಿನಿಮಾ ಹಾಡು ಬರೆದವರು, ಸಂಗೀತ ಮಾಡಿದವರು ಹಕ್ಕು ಮಾರಿದ್ರೂ ಥಿಯೇಟರಿನ ಆಚೆ ಆ ಹಾಡು ಬಳಕೆಯಾದಾಗ ರಾಯಲ್ಟೀಲಿ ಸಮಪಾಲು ಪಡೆಯೋ ಹಕ್ಕನ್ನ ಬಿಟ್ಕೊಡೋ ಹಾಗೇ ಇಲ್ಲ, ಬಿಟ್ಕೊಟ್ಟೆ ಅಂತ ಸಹಿ ಮಾಡಿದ್ರೂ ಆ ಸಹಿಗೆ ಬೆಲೆ ಇಲ್ಲ, ವಾರಸುದಾರರಿಗೆ ಅಥವಾ ಸೊಸೈಟಿಗೆ ಮಾತ್ರ ಕೊಡ್ಬಹುದು. ಸಿನಿಮಾದ ಹೊರಗಿನ ಆಲ್ಬಂ ಹಾಡಿಗೂ ಇದೇ ಥರ ರಕ್ಷಣೆ ಇದೆ. ಸೊಸೈಟಿಯ ಆಡಳಿತ ಮಂಡಳೀಲೂ ಬರೆಯೋರು ಮತ್ತು ಕಂಪನಿಗಳು ಸಮ ಸಂಖ್ಯೇಲಿ ಇರ್ಬೇಕು. ಆಗ ರಾಜ್ಯಸಭೆಯಲ್ಲಿದ್ದ ಜಾವೇದ್ ಅಖ್ತರ್ ಇದಕ್ಕಾಗಿ ಬಹಳ ಹೋರಾಡಿದ್ರು. ರೇಡಿಯೋ ಕಂಪನಿಗಳು ಆದ್ಮೇಲೂ ಒಪ್ಪದೆ ಕೋರ್ಟಲ್ಲಿ ಎಳೆದಾಡಿದ್ವು, 2023ರ ಏಪ್ರಿಲಲ್ಲಿ ಬಾಂಬೆ ಹೈಕೋರ್ಟು ಸಾಹಿತಿ ಸಂಗೀತಗಾರರಿಗೆ ಪಾಲು ಕೊಡ್ಲೇಬೇಕು ಅಂತು.

ಕಾನೂನು ಚೆನ್ನಾಗಿದೆ. ಆದ್ರೆ ಸೊಸೈಟಿಗೆ ಬಂದ ದುಡ್ಡು ಹಂಚ್ಬೇಕಾದ್ರೆ ಯಾವ ಹಾಡು ಓಡ್ತು ಅಂತ ಗೊತ್ತಾಗ್ಬೇಕು. ನಮ್ಮ ಹೋಟೆಲ್ಲಲ್ಲಿ, ಗಣೇಶನ ಪೆಂಡಾಲಲ್ಲಿ, ಸಂಘದ ಸ್ಟೇಜಲ್ಲಿ ಏನು ಓಡ್ತು ಅಂತ ಯಾರು ಬರ್ಕೊಂಡಿರ್ತಾರೆ? ನಾವು ನುಡಿಸೋದೆಲ್ಲಾ ಹಳೇ ಕನ್ನಡ ಹಾಡು, ಭಾವಗೀತೆ, ದೇವರ ಹಾಡು, ಜಾನಪದ. ಪಟ್ಟಿ ಕೊಡದೇ ಇದ್ರೆ ಅದು ಓಡಿದ್ದಕ್ಕೆ ಸಾಕ್ಷೀನೇ ಇಲ್ಲ, ಆಗ ಆ ದುಡ್ಡು ಲೆಕ್ಕ ಸಿಗೋ ಕಡೆಯ ಹಾಡುಗಳಿಗೆ ಹೋದ್ರೆ ಯಾರನ್ನ ದೂರೋಣ.

ನನಗೆ ಗೊತ್ತಿರೋ ಒಬ್ಬರು ರಿಟೈರ್ಡ್ ಮೇಷ್ಟ್ರು ಇದ್ದಾರೆ, ಸುಮಾರು 2000ದ ಆಸುಪಾಸಲ್ಲಿ ದೇವರ ಹಾಡಿನ ಆಲ್ಬಮ್ಮುಗಳಿಗೆ ಬರೆದವರು. ಅವ್ರ ಹಾಡು ಇವತ್ತಿಗೂ ಜಾತ್ರೇಲಿ ಮೈಕಲ್ಲಿ ಬರುತ್ತೆ. ಆಗ ಒಂದೇ ಪೇಮೆಂಟು, ಒಂದು ಸಹಿ, ಆ ಕಾಗದದ ಕಾಪಿ ಕೂಡ ಅವ್ರ ಕೈಲಿಲ್ಲ. "ಮೇಷ್ಟ್ರೇ, ಬರ್ಕೊಟ್ಟಿದ್ದು ಎಷ್ಟು ವರ್ಷಕ್ಕೆ?" ಅಂದ್ರೆ "ಅದೆಲ್ಲಾ ಯಾರಪ್ಪ ಕೇಳ್ತಿದ್ರು ಆಗ" ಅಂತಾರೆ. ಒಪ್ಪಂದದಲ್ಲಿ ಅವಧಿ ಬರೀದಿದ್ರೆ ಐದು ವರ್ಷ ಅಂತಾನೇ ಲೆಕ್ಕ, ಹೀಗೆ ಕಾಯ್ದೇಲಿ ಇದೆ ಅಂತ ಅವ್ರಿಗೆ ಹೇಳಿದಾಗ ಬಹಳ ಹೊತ್ತು ಅದನ್ನೇ ಕೇಳ್ತಾ ಇದ್ರು. ಜಾತ್ರೆ ಧಾರ್ಮಿಕ ಸಮಾರಂಭ, ಅಲ್ಲಿಂದ ರಾಯಲ್ಟಿ ಬರಲ್ಲ, ಅದನ್ನ ಅವ್ರೂ ಒಪ್ತಾರೆ, ಆದ್ರೆ ಅದೇ ಹಾಡು ಬೆಳಿಗ್ಗೆ ಹೋಟೆಲ್ಲಲ್ಲಿ, ಅಂಗಡೀಲಿ, ಬಸ್ಸಲ್ಲಿ ಬರುತ್ತಲ್ಲ. ಈಗ ಅವ್ರ ಮಗಳು ಹಾಡುಗಳ ಪಟ್ಟಿ ಮಾಡಿ ಐಪಿಆರ್‌ಎಸ್ ಮೆಂಬರ್‌ಶಿಪ್ಪಿಗೆ ಕಾಗದ ಪತ್ರ ಹೊಂದಿಸ್ತಿದ್ದಾಳೆ. ಸದಸ್ಯರಾಗಿ ಹಾಡು ನೋಂದಾಯಿಸದೇ ಇದ್ರೆ ಸೊಸೈಟಿಗೆ ಇವ್ರು ಇದ್ದಾರೆ ಅಂತಾನೇ ಗೊತ್ತಾಗಲ್ಲ. ಬರೆದವರು ತೀರಿಕೊಂಡ್ರೂ ಹಕ್ಕು ಹೋಗಲ್ಲ, ಅವ್ರು ತೀರಿಕೊಂಡ ವರ್ಷ ಮುಗಿದ ಮೇಲೆ ಇನ್ನೂ 60 ವರ್ಷ ಮನೆಯವರಿಗೆ ಇರುತ್ತೆ. ಬೇಂದ್ರೆ ತೀರಿಕೊಂಡಿದ್ದು 1981, ಅವ್ರ ಸಾಹಿತ್ಯದ ಹಕ್ಕು 2041ರ ಕೊನೇವರೆಗೂ ಇದೆ. ಕುವೆಂಪು 1994, ಅವ್ರದ್ದು 2054ರ ತನಕ. ಪುರಂದರದಾಸರ ಪದಕ್ಕೆ ಹಕ್ಕಿನ ಮಾತಿಲ್ಲ, ಆದ್ರೆ ಅದಕ್ಕೆ ಈಚೆಗೆ ಯಾರೋ ಹೊಸ ರಾಗ ಹಾಕಿದ್ರೆ ಆ ರಾಗ ಅವ್ರದ್ದು, ರೆಕಾರ್ಡಿಂಗ್ ಮಾಡಿಸಿದವರದ್ದು ರೆಕಾರ್ಡಿಂಗು.

ನಮ್ಮ ತಂಡದಲ್ಲಿ ಈಗ ಪ್ರೋಗ್ರಾಂ ಮುಗಿದ ಮೇಲೆ ಹಾಡಿನ ಪಟ್ಟಿ ಟೈಪ್ ಮಾಡಿ ಆಯೋಜಕರಿಗೆ ಕೊಡ್ತೀವಿ. ಹಾಡಿನ ಮೊದಲ ಸಾಲು, ಸಿನಿಮಾ ಅಥವಾ ಆಲ್ಬಮ್ ಹೆಸರು, ಬರೆದವರು, ಸಂಗೀತ, ಅಷ್ಟೇ. ಲೈಸೆನ್ಸ್ ತಗೊಂಡಿದ್ರೆ ಇದನ್ನ ಸೊಸೈಟಿಗೆ ಕಳ್ಸಿ ಅಂತೀವಿ, ಕೆಲವರು ಕಳಿಸ್ತಾರೆ, ಕೆಲವರು ಇದೆಲ್ಲಾ ಯಾಕೆ ಅಂತಾರೆ. ಸಿನಿಮಾ ಹಾಡಿಗೆ ಹೆಸರು ಹುಡುಕೋದು ಸುಲಭ. ದೇವರ ಹಾಡು, ಜಾನಪದ ಶೈಲಿಯ ಕ್ಯಾಸೆಟ್ ಹಾಡಿಗೆ ಆ್ಯಪಲ್ಲಿ ಗಾಯಕರ ಹೆಸರು ಮಾತ್ರ ಇರುತ್ತೆ, ಬರೆದವರ ಜಾಗ ಖಾಲಿ. ಆಗ ಹಳೇ ಕ್ಯಾಸೆಟ್ ಕವರ್ ಇಟ್ಕೊಂಡಿರೋರನ್ನ ಹುಡುಕ್ಕೊಂಡು ಹೋಗ್ಬೇಕು. ನಿಮ್ಮ ಮನೇಲಿ ಅಂಥ ಕವರ್ ಇದ್ರೆ ಎಸೀಬೇಡಿ, ಒಳಗಡೆ ಹಾಳೇಲಿ ಸಣ್ಣ ಅಕ್ಷರದಲ್ಲಿ ಸಾಹಿತ್ಯ ಅಂತ ಯಾರ ಹೆಸರಿದೆಯೋ ಅದರ ಫೋಟೋ ತೆಗೆದು ನನಗೆ ಕಳಿಸಿ, ನಮ್ಮ ಪಟ್ಟಿಗೆ ಸೇರಿಸ್ಕೊಳ್ತೀನಿ.