ಚರಂಡಿ ನೀರು ಮೊದಲೇ ಹೇಳುತ್ತೆ

ಒಳಚರಂಡಿಯಲ್ಲಿ ವೈರಸ್ ಹುಡುಕೋದು ಅಂದ್ರೆ ಬಾಟಲಿ ಅದ್ದಿ ತರೋದಲ್ಲ. ಹಾಗೆ ತಂದ ನೀರು ಆ ಗಳಿಗೆಯ ಸುದ್ದಿ ಮಾತ್ರ ಹೇಳುತ್ತೆ. ಬೆಳಿಗ್ಗೆ ಶೌಚದ ಪಾಲು ಜಾಸ್ತಿ, ಆಮೇಲೆ ಬಟ್ಟೆ ಒಗೆದ ನೀರೇ ಜಾಸ್ತಿ. ಅದಕ್ಕೇ ಶುದ್ಧೀಕರಣ ಘಟಕಕ್ಕೆ ಕೊಳಚೆ ಬಂದು ಬೀಳುವ ಕಡೆ ಸ್ಯಾಂಪ್ಲರ್ (ತಾನೇ ಮಾದರಿ ಎಳೆದುಕೊಳ್ಳುವ ಯಂತ್ರ) ಇಟ್ಟು, 24 ಗಂಟೆ ಸ್ವಲ್ಪ ಸ್ವಲ್ಪವೇ ಎಳೆದು ಕೂಡಿಸಬೇಕು. ಕೂಡಿಸಿದ್ದು 4 ಡಿಗ್ರಿ ತಂಪಿನಲ್ಲೇ ಇರಬೇಕು.

ಲ್ಯಾಬಿನಲ್ಲಿ ನೋವಾಗೋದು ತಳದ ಕೆಸರು ಎಸೆಯೋದನ್ನ ನೋಡಿದಾಗ. ಕೊರೊನಾದಂಥ ವೈರಸ್‌ಗಳು ಹೆಚ್ಚಾಗಿ ಅಂಟಿಕೊಂಡಿರೋದು ಆ ಕಣಗಳಿಗೇ! ಇನ್ನೊಂದು ಕಾಟ, ಕೊಳಚೆಯ ಹ್ಯೂಮಿಕ್ ಆಮ್ಲ (ಕೊಳೆತ ಕಸದಿಂದ ಬರೋದು), ಕೊಬ್ಬು. ವೈರಸ್‌ನ ತಳಿವಸ್ತುವನ್ನು ನಕಲು ಮಾಡಿ ಹೆಚ್ಚಿಸಿ ಪತ್ತೆ ಹಚ್ಚುವ ಪಿಸಿಆರ್ ಪರೀಕ್ಷೆಗೆ ಇವು ಅಡ್ಡಗಾಲು ಹಾಕುತ್ತವೆ. 'ನೆಗೆಟಿವ್' ಬಂತಾ? ಕೊಳಚೆಯಿಂದ ಬೇರ್ಪಡಿಸಿದ ಅದೇ ಆರ್‌ಎನ್‌ಎ (ವೈರಸ್‌ನ ತಳಿವಸ್ತು) ಸಾರವನ್ನು 10 ಪಟ್ಟು ತೆಳು ಮಾಡಿ ಮತ್ತೆ ಓಡಿಸಿ, ಅಡ್ಡಿ ಮಾಡೋವೂ ತೆಳುವಾಗುತ್ತವೆ. ಈಗ ಸಿಗ್ನಲ್ ಕಾಣಿಸಿದರೆ ವೈರಸ್ ಮೊದಲೂ ಇತ್ತು, ರಾಸಾಯನಿಕಗಳು ಮುಚ್ಚಿಟ್ಟಿದ್ದವು ಅಷ್ಟೇ.

ಮಳೆ ಬಂದ ದಿನ ವೈರಸ್‌ನ ಅಂಕಿ ಇಳಿದರೆ ರೋಗ ಇಳಿಯಿತು ಅಂದುಕೊಳ್ಳಬೇಡಿ. ಮೆಣಸಿನ ಗಿಡಕ್ಕೆ ತಗಲುವ ಒಂದು ವೈರಸ್ ಊಟದ ಜೊತೆ ಹೊಟ್ಟೆ ಸೇರಿ ಮಲದಲ್ಲಿ ಧಾರಾಳವಾಗಿ ಹೊರಬರುತ್ತೆ. ಅದರ ಅಂಕಿಯೂ ಅಷ್ಟೇ ಕುಸಿದಿದ್ದರೆ ಮಳೆನೀರು ಬೆರೆತಿದೆ ಅಂತ ಅರ್ಥ.

2013ರಲ್ಲಿ ಇಸ್ರೇಲಿನ ಕೊಳಚೆಯಲ್ಲಿ ಪೋಲಿಯೊ ವೈರಸ್ ಸಿಕ್ಕಾಗ ಒಂದು ಮಗುವಿಗೂ ಪಾರ್ಶ್ವವಾಯು ಆಗಿರಲಿಲ್ಲ. ಊರೂರಲ್ಲಿ ಹನಿ ಹಾಕಿದರು. ಆ ವೈರಸ್‌ನಿಂದ ಆಮೇಲೂ ಯಾರಿಗೂ ಆಗಲಿಲ್ಲ. ಯಾರ ಹೆಸರೂ ಕೇಳದೆ, ಯಾರ ರಕ್ತವನ್ನೂ ಎಳೆಯದೆ ಸಿಕ್ಕ ಸುಳಿವು ಅದು.