ಜೋರಾಗಿ ಒತ್ತುವುದಕ್ಕೆ ಮುಂಚೆ

ಕತ್ತು ಹಿಡಿದುಕೊಂಡಿದೆ ಎಂದು ನನ್ನ ಬಳಿ ಮಸಾಜ್‌ಗೆ ಬರುವವರು ಬೋರಲು ಮಲಗುತ್ತಲೇ ಕೇಳುವುದು ಒಂದೇ: "ಸ್ವಲ್ಪ ಜೋರಾಗಿ ಒತ್ತಿ." ಒತ್ತಬಹುದು, ಆದರೆ ಮೊದಲ ಹತ್ತು ನಿಮಿಷ ಬೇಡ. ಬಿಗಿದ ಸ್ನಾಯುವಿನ ಮೇಲೆ ಒಮ್ಮೆಲೇ ಭಾರ ಬಿದ್ದರೆ ಅದು ತನ್ನನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯುತ್ತದೆ. ಆಮೇಲೆ ಎಷ್ಟು ಒತ್ತಿದರೂ ಕೈ ಮೇಲುಪದರ ದಾಟುವುದಿಲ್ಲ.

ನನ್ನ ಕೆಲಸದಲ್ಲಿ ಎರಡು ಪದ್ಧತಿಗಳು ಬೆರೆತಿವೆ. ಒಂದು ಆಯುರ್ವೇದದ ಅಭ್ಯಂಗ: ಬೆಚ್ಚಗಿನ ಎಳ್ಳೆಣ್ಣೆ ಧಾರಾಳವಾಗಿ ಬೇಕು, ಕೈಕಾಲುಗಳ ಮೇಲೆ ಉದ್ದುದ್ದ, ಕೀಲುಗಳ ಮೇಲೆ ವೃತ್ತಾಕಾರ. ಇನ್ನೊಂದು, ನಮ್ಮ ಪ್ರಕೃತಿ ಚಿಕಿತ್ಸಾ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಸ್ವೀಡಿಷ್ ಮಸಾಜ್. ನೀವುವುದು, ನಾದುವುದು, ತಿಕ್ಕುವುದು, ತಟ್ಟುವುದು, ಕಂಪಿಸುವುದು ಎಂಬ ಅದರ ವಿಂಗಡಣೆಯ ಶ್ರೇಯ ಸಾಮಾನ್ಯವಾಗಿ ಸಲ್ಲುವುದು 19ನೇ ಶತಮಾನದ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್‌ಗೆ. ಮೈ ಒಣಗಿದವರಿಗೆ, ದಣಿದು ನಿದ್ದೆಗೆಟ್ಟವರಿಗೆ ಅಭ್ಯಂಗ ಹಿತ. ಒಂದೇ ಜಾಗದ ಹಿಡಿತಕ್ಕೆ ಅಷ್ಟು ಎಣ್ಣೆ ಅಡ್ಡಿ, ಬೆರಳು ಜಾರಿಹೋಗುತ್ತದೆ. ಕತ್ತು ಹೆಗಲಿಗೆ ಒಂದು ಚಮಚೆ ಸಾಕು. ಎಣ್ಣೆಯ ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ, ಮೊದಲು ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಹಾಕಿ ನೋಡಿ.

ಕೈ ಇಡುವ ಮುಂಚೆ ಪ್ರಶ್ನೆಗಳಿವೆ, ಇವುಗಳಲ್ಲಿ ರಾಜಿಯಿಲ್ಲ. ಜ್ವರ ಇದೆಯೇ? ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ? ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದೆಯೇ? ಮರಗಟ್ಟಿದ ಪಾದಕ್ಕೆ ಹೆಚ್ಚಾದ ಒತ್ತಡವೂ ಶಾಖವೂ ಗೊತ್ತಾಗುವುದಿಲ್ಲ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಮುಟ್ಟಲೇಬಾರದು. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ. ಅವರನ್ನು ಅಂದೇ ವೈದ್ಯರ ಬಳಿ ಕಳಿಸಬೇಕು.

ಲ್ಯಾಪ್‌ಟಾಪ್ ಮುಂದೆ ದಿನವಿಡೀ ಬಾಗಿ ಕೂರುವವರಲ್ಲಿ ನೋವಿನ ಗಂಟು ಹೆಚ್ಚಾಗಿ ಸಿಗುವುದು ಹೆಗಲ ಹಲಗೆಯ ಮೇಲಿನ ಒಳಮೂಲೆಯಲ್ಲಿ. ಕತ್ತಿನ ಮೇಲಿನ ನಾಲ್ಕು ಕಶೇರುಗಳಿಂದ ಇಳಿದುಬರುವ ಲಿವೇಟರ್ ಸ್ಕ್ಯಾಪುಲೆ ಸ್ನಾಯು ಅಲ್ಲಿ ಅಂಟಿಕೊಂಡಿರುತ್ತದೆ. ಮೊದಲು ಬೆನ್ನನ್ನೆಲ್ಲ ಅಂಗೈ ಅಗಲಿಸಿ ನಿಧಾನವಾಗಿ ನೀವಿ, ಹೆಗಲನ್ನು ಹಿಟ್ಟು ನಾದಿದಂತೆ ನಾದಿ. ಚರ್ಮ ಬೆಚ್ಚಗಾಗಿ, ಉಸಿರು ಉದ್ದವಾದ ಮೇಲೆ ಗಂಟಿನ ಮೇಲೆ ಬೆರಳಿಟ್ಟು, ಅವರು ಉಸಿರು ಬಿಡುವಾಗ ಭಾರ ಕೊಡಿ. ನೋವು ಹತ್ತರಲ್ಲಿ ಆರನ್ನು ದಾಟಬಾರದು. 30ರಿಂದ 60 ಸೆಕೆಂಡು ಕದಲದೆ ಹಿಡಿದರೆ ಬೆರಳ ಕೆಳಗೆ ಸಡಿಲವಾಗುವುದು ತಿಳಿಯುತ್ತದೆ. ಸಡಿಲವಾಗದಿದ್ದರೆ ಬಿಟ್ಟು ಎದೆಯ ಮುಂಭಾಗದ ಸ್ನಾಯುಗಳ ಕಡೆ ಹೋಗಿ. ಅವು ಹೆಗಲನ್ನು ಮುಂದಕ್ಕೆ ಎಳೆದಿಟ್ಟಿರುವವರೆಗೆ ಹಿಂದಿನ ಸ್ನಾಯು ಮತ್ತೆ ಬಿಗಿಯುತ್ತದೆ. ಇದನ್ನು ಬಿಟ್ಟವರೇ ವಾರಕ್ಕೊಮ್ಮೆ ಅದೇ ಗಂಟನ್ನು ಹಿಸುಕುತ್ತಿರುತ್ತಾರೆ.

ಕತ್ತಿನ ಮುಂಭಾಗ, ಕಂಕುಳು, ಮಂಡಿಯ ಹಿಂದಿನ ಗುಳಿ ಇಲ್ಲೆಲ್ಲ ರಕ್ತನಾಳ, ನರಗಳು ಮೇಲೆಯೇ ಇರುವುದರಿಂದ ಆಳವಾಗಿ ಒತ್ತಬಾರದು. ಕ್ಷೌರದಂಗಡಿಗಳಲ್ಲಿ ತಲೆ ಹಿಡಿದು ಕಟಕ್ ಎಂದು ತಿರುಗಿಸುವುದನ್ನಂತೂ ಯಾರೂ ಮಾಡಿಸಿಕೊಳ್ಳಬೇಡಿ. ಕತ್ತಿನ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವ ಸಾಧ್ಯತೆ ನಿಜವಾದದ್ದು.

ಮರುದಿನ ಮೈ ಸ್ವಲ್ಪ ನೋಯುವುದು ಸಹಜ, ಎರಡು ದಿನದಲ್ಲಿ ಹೋಗಬೇಕು. ನೀಲಿಗಟ್ಟಿದರೆ ಒತ್ತಡ ಹೆಚ್ಚಾಗಿದೆ ಎಂದೇ ಅರ್ಥ. "ವಿಷವೆಲ್ಲ ಹೊರಗೆ ಬರುತ್ತಿದೆ" ಎಂಬ ಸಮಾಧಾನವನ್ನು ನಂಬಬೇಡಿ, ವಿಷ ಹೊರಹಾಕುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದ್ದು.

ಈ ಕೆಲಸಕ್ಕೆ ಬರುವವರು ತಮ್ಮ ಹೆಬ್ಬೆರಳನ್ನೂ ಕಾಪಾಡಿಕೊಳ್ಳಬೇಕು. ಮೇಜಿನ ಎತ್ತರ, ನೇರ ನಿಂತಾಗ ಇಳಿಬಿಟ್ಟ ಮುಷ್ಟಿಯ ಮಟ್ಟಕ್ಕಿರಲಿ. ಎತ್ತರವಾದರೆ ಮೈಭಾರ ಬಳಸಲಾಗದೆ ತೋಳಬಲದಿಂದ ತಳ್ಳುತ್ತೀರಿ, ಹೆಬ್ಬೆರಳ ಬುಡದ ಕೀಲು ಸವೆಯುತ್ತದೆ. ಅಗಲ ಜಾಗಗಳಿಗೆ ಮುಂದೋಳು ಬಳಸಿ. ಎಣ್ಣೆ ಕುಡಿದ ಟವೆಲ್‌ಗಳನ್ನು ಡ್ರೈಯರ್‌ನಿಂದ ತೆಗೆದು ಬಿಸಿಬಿಸಿಯಾಗಿ ರಾಶಿ ಹಾಕಬೇಡಿ: ಎಣ್ಣೆ ಗಾಳಿಯೊಡನೆ ಬೆರೆತು ತಾನೇ ಕಾಯುತ್ತ ಹೋಗಿ ಬೆಂಕಿ ಹತ್ತಬಹುದು. ಬಿಡಿಬಿಡಿಯಾಗಿ ಹರಡಿ, ಪೂರ್ತಿ ತಣಿದ ಮೇಲೆ ಮಡಚಿ.